ಅನ್ವಯ ಮಾಡಿ ಓದುವುದು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೀರಿ. "ಕೋಡ್ ಬರೆಯುವುದಕ್ಕಿಂತ ಇನ್ನೊಬ್ಬರು ಬರೆದದ್ದನ್ನು ಓದುವುದೇ ಕಷ್ಟ ಸಾರ್" ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದುಂಟು. ಆ ಕಷ್ಟ ಎಂಥದೆಂದು ನನಗೆ ತಿಳಿದದ್ದು, ಬನಶಂಕರಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಪೈಥಾನ್ ಕಲಿಯಲು ಕುಳಿತಾಗ. ಎಂಜಿನಿಯರಿಂಗ್ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. "ತಾತ, ಇದು ನನಗೆ ಒಗ್ಗುವುದಿಲ್ಲ, ಬಿಟ್ಟುಬಿಡುತ್ತೇನೆ" ಎಂದಳು. ಅವಳು ಕೋಡನ್ನು ಕಥೆಯಂತೆ ಮೇಲಿನಿಂದ ಕೆಳಕ್ಕೆ ಓದುತ್ತಿದ್ದಳು.

ಹಳಗನ್ನಡ ಪದ್ಯವನ್ನು ಹಾಗೆ ಓದಿದರೆ ಅರ್ಥವಾಗುವುದಿಲ್ಲವೆಂದು ನಿಮಗೆಲ್ಲ ನೆನಪಿರಬಹುದು. ಮೊದಲು ಪದಗಳನ್ನು ಬಿಡಿಸಬೇಕು. ಕ್ರಿಯಾಪದವನ್ನು ಹುಡುಕಿ, ಯಾರು, ಏನನ್ನು ಎಂದು ಕೇಳುತ್ತ ಅನ್ವಯ ಮಾಡಬೇಕು. ಕೋಡಿಗೂ ಇದೇ ಕ್ರಮ ಸಲ್ಲುತ್ತದೆ. ಒಳಗೆ ಬರುವುದೇನು, ಹೊರಗೆ ಹೋಗುವುದೇನು ಎಂಬುದನ್ನು ಮೊದಲು ಗುರುತಿಸಬೇಕು. ಅನಂತರ ಒಂದು ಚಿಕ್ಕ ಉದಾಹರಣೆಯನ್ನು ತೆಗೆದುಕೊಂಡು, ಪ್ರತಿ ಸಾಲಿಗೂ ಯಾವುದರ ಬೆಲೆ ಹೇಗೆ ಬದಲಾಯಿತೆಂದು ಹಾಳೆಯ ಮೇಲೆ ಬರೆಯುತ್ತ ಹೋಗಬೇಕು.

ಅವಳ ಮುಂದಿದ್ದದ್ದು, ಕೊಟ್ಟ ಪದವನ್ನು ಹಿಂದುಮುಂದಾಗಿಸಿ ಮೂಲದೊಡನೆ ಹೋಲಿಸುವ ನಾಲ್ಕು ಸಾಲಿನ ಪ್ರೋಗ್ರಾಂ. ನಮ್ಮ ಅಲಂಕಾರಶಾಸ್ತ್ರದ ಗತಪ್ರತ್ಯಾಗತವೇ ಅದು. 'ಕನಕ', 'ನಯನ' ಎಂದು ಕೊಟ್ಟರೆ ಹೌದೆಂದಿತು. 'ವಿಕಟಕವಿ' ಎಂದರೆ ಅಲ್ಲವೆಂದಿತು! ತನಗೇ ಕೋಡ್ ತಿಳಿದಿಲ್ಲವೆಂದು ಅವಳು ಇನ್ನಷ್ಟು ಕುಗ್ಗಿದಳು.

ಇಬ್ಬರೂ ಪೆನ್ಸಿಲ್ ಹಿಡಿದು ಕುಳಿತೆವು. ಕನ್ನಡ ಲಿಪಿ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಅಲ್ಲಿ 'ವಿ' ಒಂದೇ ಸಂಕೇತವಲ್ಲ. 'ವ' ಒಂದು, ಗುಡಿಸು ಇನ್ನೊಂದು. ನಮಗೆ 5 ಅಕ್ಷರಗಳ ವಿಕಟಕವಿ ಗಣಕಕ್ಕೆ 7 ಸಂಕೇತಗಳು. ಹಿಂದಿನಿಂದ ಎಣಿಸಿದರೆ ಮೊದಲು ಬರುವುದು ಗುಡಿಸು, ಆಮೇಲೆ 'ವ'. ಗುಣಿತಾಕ್ಷರವಿಲ್ಲದ ಕನಕಕ್ಕೆ ಈ ತೊಡಕಿಲ್ಲ.

ಸಾಲುಗಳಲ್ಲಿ ವ್ಯಾಕರಣದೋಷವೇನೂ ಇರಲಿಲ್ಲ. ಒಂದು ಅಕ್ಷರಕ್ಕೆ ಒಂದೇ ಸಂಕೇತವೆಂದು ಬರೆದವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು; ಇಂಗ್ಲಿಷಿಗೆ ಸಲ್ಲುವ ಆ ಎಣಿಕೆ ಕನ್ನಡಕ್ಕೆ ಸಲ್ಲಲಿಲ್ಲ. ಕವಿ ಹೇಳದೆ ಬಿಟ್ಟದ್ದನ್ನೂ ಓದಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಕೋಡನ್ನೂ ಹಾಗೆಯೇ ಓದಬೇಕು. ಮೊದಲು ಪದವನ್ನು ಅಕ್ಷರಗಳಾಗಿ ಬಿಡಿಸಿ, ಅನಂತರ ತಿರುಗಿಸುವಂತೆ ಮೊಮ್ಮಗಳು ತಾನೇ ತಿದ್ದಿದಳು. ಓದು ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ನಿಮ್ಮ ಮನೆಯಲ್ಲಿಯೂ ಕೋಡ್ ಕಂಡು ಹೆದರುವ ಮಕ್ಕಳಿದ್ದರೆ, ಬುದ್ಧಿ ಸಾಲದೆಂದು ತೀರ್ಮಾನಿಸುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಚಿಕ್ಕ ಪದ ಕೊಟ್ಟು ನೋಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಪೆನ್ಸಿಲ್ ಅವರ ಕೈಯಲ್ಲೇ ಇರಲಿ.