ಎಡಗೈಯಲ್ಲಿ ಕಾಫಿ

ಜನವರಿಯ ಶನಿವಾರ, ಬೆಳಿಗ್ಗೆ ಆರೂವರೆ. ಹೊರಗೆ ಮೈನಸ್ ಏಳು ಡಿಗ್ರಿ. ಸೂರ್ಯ ಹುಟ್ಟೋಕೆ ಇನ್ನೂ ಒಂದು ಗಂಟೆಗೂ ಮೇಲೆ ಇದೆ. ಬುದ್ಧಿ ನೆಟ್ಟಗಿರುವ ಯಾರೂ ಇಂಥ ಹೊತ್ತಲ್ಲಿ ರಗ್ಗಿನಿಂದ ಹೊರಗೆ ಬರುವುದಿಲ್ಲ. ನಾನು ಮಾತ್ರ ಎರಡು ಜೊತೆ ಕಾಲುಚೀಲ ಏರಿಸಿಕೊಂಡು, ಬಾಗಿಲ ಹತ್ತಿರ ಕೂತು ಸೈಕಲ್ ಟಯರಿನಿಂದ ಒಂಚೂರು ಗಾಳಿ ಬಿಡುತ್ತಿರುತ್ತೇನೆ. ಊರಲ್ಲಿ ಆಗ ಸಂಜೆ ಐದು ಗಂಟೆ. ಅಮ್ಮ ಕಾಫಿಗೆ ನೀರಿಟ್ಟಿರುತ್ತಾಳೆ.

ನಾನು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯವಳು. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಐದು ವರ್ಷ ಕೋಡ್ ಬರೆದು, 2021ರಲ್ಲಿ ಕಂಪನಿ ಕಡೆಯಿಂದ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದೆ. ಈ ಊರು ಅಂದರೆ ಹೊರಗಿನವರಿಗೆ ಉಕ್ಕಿನ ಕಾರ್ಖಾನೆಗಳ ನೆನಪಾಗುತ್ತದೆ, ನಮ್ಮವರಿಗೆ 1976ರಿಂದ ಇರುವ ವೆಂಕಟೇಶ್ವರ ದೇವಸ್ಥಾನದ ನೆನಪಾಗುತ್ತದೆ. ನನಗೆ ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಏರು ಮತ್ತು ಇಳಿಜಾರು. ಅಲೆಗೇನಿ, ಮೊನಾಂಗಹೀಲಾ ಎಂಬ ಎರಡು ನದಿಗಳು ಸೇರಿ ಒಹಾಯೊ ಆಗುವ ಜಾಗ ಇದು. ನದಿ ಬಿಟ್ಟರೆ ಉಳಿದದ್ದೆಲ್ಲ ಗುಡ್ಡ. ಇಲ್ಲಿಯ ಬೀಚ್‌ವ್ಯೂ ಬಡಾವಣೆಯಲ್ಲಿ ಕ್ಯಾಂಟನ್ ಅವೆನ್ಯೂ ಅಂತ ಒಂದು ಬೀದಿ ಇದೆ, ಅದರ ಏರು ಶೇಕಡಾ 37. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ 37 ಅಡಿ ಮೇಲಕ್ಕೆ ಹತ್ತಿರುತ್ತೀರಿ! ಇಂಥ ಹದಿಮೂರು ಏರುಗಳನ್ನು ಒಂದೇ ದಿನ ಸೈಕಲ್ಲಿನಲ್ಲಿ ಹತ್ತುವ ‘ಡರ್ಟಿ ಡಜನ್’ ಎಂಬ ಸ್ಪರ್ಧೆ 1983ರಲ್ಲಿ ಶುರುವಾಯಿತಂತೆ. ಡಜನ್ ಅಂತ ಹೇಳಿ ಹದಿಮೂರು ಹತ್ತಿಸುವ ಜನ ಇವರು.

ಮನೆಯಿಂದ ಹತ್ತು ನಿಮಿಷಕ್ಕೆ ಫ್ರಿಕ್ ಪಾರ್ಕ್. ಪಾರ್ಕ್ ಅಂದ ಕೂಡಲೇ ಕಲ್ಲುಬೆಂಚು, ಜಾರುಬಂಡೆ ಅಂದುಕೊಳ್ಳಬೇಡಿ. ನಮ್ಮ ಲಾಲ್‌ಬಾಗ್ 240 ಎಕರೆ. ಇದು 644 ಎಕರೆ, ಅದರಲ್ಲಿ ಬಹುಪಾಲು ಕಾಡು ಮತ್ತು ಕೊರಕಲು. ಹೆನ್ರಿ ಕ್ಲೇ ಫ್ರಿಕ್ ಎಂಬ ಉಕ್ಕಿನ ಧಣಿ 1919ರಲ್ಲಿ ತೀರಿಕೊಂಡಾಗ 151 ಎಕರೆಯನ್ನು ಊರಿಗೆ ಬಿಟ್ಟುಹೋದ. 1927ರಲ್ಲಿ ಅದು ಪಾರ್ಕ್ ಆಗಿ ಜನರಿಗೆ ತೆರೆಯಿತು, ಆಮೇಲೆ ಬೆಳೆಯುತ್ತಾ ಹೋಯಿತು. ಕೆಳಗೆ ಕಣಿವೆಯಲ್ಲಿ ಟ್ರ್ಯಾಂಕ್ವಿಲ್ ಟ್ರೇಲ್ ಎಂಬ ಸಮತಟ್ಟು ದಾರಿ. ಅದರ ಎರಡೂ ಬದಿಯ ಗುಡ್ಡಗಳ ಮೇಲಿಂದ ಕಡಿದಾದ ಸಣ್ಣ ದಾರಿಗಳು ಬೇರು, ಕಲ್ಲು ಹಾರಿಕೊಂಡು ಇಳಿದು ಬರುತ್ತವೆ. ಮೊದಲ ಸಲ ನೋಡಿದಾಗ ನಮ್ಮ ಮನೆಯಿಂದ ತೋಟಕ್ಕೆ ಇಳಿಯುವ ದಾರಿಯೇ ಕಣ್ಣೆದುರು ಬಂದಂತಾಯಿತು.

ಈ ಹುಚ್ಚು ಹಚ್ಚಿದ್ದು ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ, ಐವತ್ತು ದಾಟಿದ ಒಬ್ಬ ಹೆಂಗಸು. ಇಲ್ಲಿನ ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಮನೆ, ಲ್ಯಾಪ್‌ಟಾಪ್, ಮನೆ. ಎರಡು ತಿಂಗಳಲ್ಲಿ ನನ್ನ ಮುಖ ಬಾಡಿದ್ದು ನೋಡಿ ಅವರು ತಮ್ಮ ಹಳೇ ಮೌಂಟನ್ ಸೈಕಲ್ ತಂದು ನಿಲ್ಲಿಸಿದರು. ಬ್ರೇಕು, ಗೇರು ಹೇಳಿಕೊಡುವ ಮೊದಲು ಮೂರು ನಿಯಮ ಹೇಳಿದರು.

ಮೊದಲನೆಯದು ಹೊತ್ತಿನ ನಿಯಮ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ದಾರಿ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಿನ ಒಂದಿಂಚು ಕರಗುತ್ತದೆ, ಕೆಳಗಿನದು ಇನ್ನೂ ಗಟ್ಟಿ. ಕರಗಿದ ನೀರು ಕೆಳಗೆ ಇಂಗೋಕೆ ಜಾಗ ಇಲ್ಲದೆ ದಾರಿಯೆಲ್ಲ ದೋಸೆಹಿಟ್ಟು ಚೆಲ್ಲಿದ ಹಾಗೆ ಆಗುತ್ತದೆ. ಆಗ ಸೈಕಲ್ ಓಡಿಸಿದರೆ ನಾವೂ ಜಾರುತ್ತೇವೆ, ದಾರಿಯೂ ಹಾಳು. ಚಕ್ರದ ಗೆರೆ ಒಣಗಿ ನಿಂತರೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಹೋಗಿ, ಮಣ್ಣು ಕರಗುವ ಮೊದಲು ಹೊರಗೆ ಬಂದುಬಿಡಬೇಕು. ಇದು ಮಾತ್ರ ನನಗೆ ಹೊಸದಲ್ಲ. ಮಳೆಗಾಲ ಶುರುವಾದ ಕೂಡಲೇ ಅಪ್ಪಯ್ಯ ನಮ್ಮ ಮನೆಯ ಮಣ್ಣುರಸ್ತೆಗೆ ಅಡ್ಡ ಬಿದಿರಿನ ಗಳ ಕಟ್ಟುತ್ತಿದ್ದರು. ನೆಂಟರ ಜೀಪಾದರೂ ಸರಿ, ಮೇಲೆಯೇ ನಿಲ್ಲಿಸಿ ನಡೆದು ಬರಬೇಕು.

ಎರಡನೆಯದು ಕೈಯ ನಿಯಮ. ಇಳಿಜಾರಿನಲ್ಲಿ ಸೀಟು ಇಳಿಸಿ, ಪೆಡಲ್ ಮೇಲೆ ನಿಂತು, ಮೈಭಾರ ಹಿಂದಕ್ಕೆ ಹಾಕಬೇಕು. ಬ್ರೇಕಿಗೆ ಒಂದೇ ಬೆರಳು ಸಾಕು. ತಿರುವು ಬರುವ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ, ಅದೂ ಮಂಜುಗಡ್ಡೆ ಮೇಲೆ, ಮುಂದಿನ ಬ್ರೇಕ್ ಹಿಡಿದರೆ ಮುಗೀತು. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ನಾಲ್ಕು ಮಾರು ಮುಂದಿರಬೇಕು. ಟಯರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಅದು ನೆಲಕ್ಕೆ ಅಗಲವಾಗಿ ಅಂಟಿಕೊಂಡು ಹಿಡಿತ ಕೊಡುತ್ತದೆ. ಹತ್ತಿಬಟ್ಟೆ ಬೇಡ, ಬೆವರು ಹೀರಿಕೊಂಡು ಮೈ ತಣ್ಣಗೆ ಮಾಡುತ್ತದೆ. ಫೋನ್ ಬ್ಯಾಗಿನಲ್ಲಿಟ್ಟರೆ ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ, ಮೈಗೆ ತಾಗಿದ ಜೇಬಿನಲ್ಲಿ ಇಟ್ಟುಕೋ.

ಮೂರನೆಯದು: ಹೇಳಿ ಹೋಗು. ಯಾವ ಕಡೆ ಹೋಗುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ, ಒಬ್ಬರಿಗಾದರೂ ಮೆಸೇಜ್ ಹಾಕಿ ಹೋಗಬೇಕು.

ಈ ಮೂರನೆಯದನ್ನು ಅವರ ಮಟ್ಟಿಗೆ ಚಾಚೂ ತಪ್ಪದೆ ಪಾಲಿಸಿದೆ. ಆದರೆ ಮನೆಯವರಿಗೆ? ಅಲ್ಲೇ ನಾನು ಎಡವಿದ್ದು.

2022ರ ಜನವರಿ 28ರಂದು ಫ್ರಿಕ್ ಪಾರ್ಕಿನ ಕಣಿವೆಯ ಮೇಲಿದ್ದ ಫರ್ನ್ ಹಾಲೋ ಸೇತುವೆ ಬೆಳಗಿನ ಜಾವ ಕುಸಿದುಬಿತ್ತು. ಹಿಮ ಬಿದ್ದಿದ್ದ ದಿನ. ಒಂದು ಬಸ್ಸು, ಕೆಲವು ಕಾರು ಸೇತುವೆಯ ಜೊತೆ ಕೆಳಗೆ ಹೋದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಧ್ಯಕ್ಷ ಬೈಡನ್ ಅವತ್ತೇ ಈ ಊರಿಗೆ ಬರುವವರಿದ್ದರಿಂದ ಸುದ್ದಿ ದೊಡ್ಡದಾಯಿತು. ನಮ್ಮನೆ ಟಿವಿಯಲ್ಲೂ ಬಂತು. ಅಮ್ಮ ಫೋನ್ ಮಾಡಿದಳು.

“ನೀ ಆ ಕಡೆ ಹೋಗ್ತೀಯೇನೇ?”

“ಇಲ್ಲಮ್ಮ, ಅದೆಲ್ಲೋ ದೂರ.”

ಹಿಂದಿನ ಶನಿವಾರವಷ್ಟೇ ಆ ಸೇತುವೆ ಕೆಳಗಿನ ದಾರಿಯಲ್ಲಿ ಸೈಕಲ್ ಹೊಡೆದು ಬಂದಿದ್ದೆ. ಸುಮ್ಮನೆ ಯಾಕೆ ಗಾಬರಿ ಮಾಡೋದು ಅಂತ ಒಂದು ಸುಳ್ಳು. ನೀವೂ ದೂರದಲ್ಲಿ ಇರುವವರಾದರೆ ಇಂಥದ್ದು ಎಷ್ಟು ಹೇಳಿಲ್ಲ ಹೇಳಿ? ಜ್ವರ ಬಂದರೆ ‘ಸ್ವಲ್ಪ ನೆಗಡಿ’. ಊಟ ಬಿಟ್ಟರೆ ‘ಈಗಷ್ಟೇ ಆಯ್ತು’.

ನಾನು ಬಿದ್ದದ್ದು ಮುಂದಿನ ವರ್ಷದ ಜನವರಿಯಲ್ಲಿ. ಅವತ್ತು ಏಳುವುದು ತಡವಾಗಿತ್ತು. ಹಿಂದಿನ ರಾತ್ರಿ ರಿಲೀಸ್ ಮುಗಿಸಿ ಮಲಗಿದ್ದೇ ಎರಡಕ್ಕೆ. ಒಂಬತ್ತಕ್ಕೆ ಪಾರ್ಕಿನಿಂದ ಹೊರಗೆ ಬರಬೇಕಾದವಳು ಒಂಬತ್ತಕ್ಕೆ ಒಳಗೆ ಹೋದೆ. “ಹತ್ತೂವರೆಗೆ ಹೊರಗೆ” ಅಂತ ಸಹೋದ್ಯೋಗಿಗೆ ಮೆಸೇಜ್ ಹಾಕಿದ್ದೆ. ಹತ್ತೂ ಕಾಲಾಗಿತ್ತು. ಇನ್ನೊಂದೇ ಒಂದು ಸಲ ಅಂದುಕೊಂಡು ಮತ್ತೆ ಮೇಲೆ ಹತ್ತಿದೆ.

ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಬಿದ್ದು ಮಣ್ಣು ಆಗಲೇ ಕರಗಿತ್ತು. ಟಯರಿಗೆಲ್ಲ ಕೆಸರು ಮೆತ್ತಿಕೊಂಡಿತು. ಅಲ್ಲೇ ಇಳಿದು ತಳ್ಳಿಕೊಂಡು ಬರಬೇಕಿತ್ತು. ಮನಸ್ಸು ಒಪ್ಪಲಿಲ್ಲ. ಮುಂದಿನ ತಿರುವು ಗುಡ್ಡದ ನೆರಳಿನಲ್ಲಿತ್ತು. ಅಲ್ಲಿ ಓಕ್ ಮರದ ತರಗೆಲೆ ರಾಶಿ, ಎಲೆಯ ಕೆಳಗೆ ಕರಗದೆ ಉಳಿದ ಮಂಜುಗಡ್ಡೆ. ಕೈ ತಾನಾಗಿಯೇ ಮುಂದಿನ ಬ್ರೇಕ್ ಹಿಡಿಯಿತು.

ಬಿದ್ದದ್ದು ಗೊತ್ತಾಗಲಿಲ್ಲ. ಏಳಲು ಬಲಗೈ ಊರಿದಾಗ ಗೊತ್ತಾಯಿತು. ಫೋನ್ ಎಲ್ಲಿತ್ತು? ಬ್ಯಾಗಿನಲ್ಲಿ, ಚಳಿಗೆ ಸತ್ತು. ಸೈಕಲ್ ಅಲ್ಲೇ ಬಿಟ್ಟು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಕೆಳಗಿನ ಟ್ರ್ಯಾಂಕ್ವಿಲ್ ಟ್ರೇಲಿಗೆ ಇಳಿದೆ. ನಾಯಿ ಕರೆದುಕೊಂಡು ಬಂದಿದ್ದ ವಯಸ್ಸಾದ ದಂಪತಿ ಕೂರಿಸಿ ನೀರು ಕೊಟ್ಟರು. ಅಷ್ಟರಲ್ಲಿ ನನ್ನ ಸಹೋದ್ಯೋಗಿ ಓಡುತ್ತಾ ಬಂದರು. ಹನ್ನೊಂದಾದರೂ ನನ್ನ ಸುದ್ದಿಯಿಲ್ಲ ಅಂತ ಅವರು ಕಾರು ತೆಗೆದುಕೊಂಡು ಹೊರಟಿದ್ದರು.

ಭುಜಕ್ಕೆ ಸೇರುವ ಕಾಲರ್ ಬೋನ್ ಮುರಿದಿತ್ತು. ಆಪರೇಷನ್ ಬೇಡ, ಆರು ವಾರ ಕೈಗೆ ಸ್ಲಿಂಗ್ ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ಕೂತು ನಾನು ಯೋಚಿಸಿದ್ದು ಒಂದೇ: ಸಂಜೆಯ ವಿಡಿಯೋ ಕಾಲ್ ಹೇಗೆ ನಿಭಾಯಿಸೋದು?

ನಿಭಾಯಿಸಿದೆ. ಸ್ಲಿಂಗ್ ಕಾಣದ ಹಾಗೆ ಮೇಲೆ ಶಾಲು ಹೊದ್ದೆ. “ಚಳಿ ಜಾಸ್ತಿ ಅಮ್ಮ.” ಮೂರನೇ ದಿನವೇ ಅಮ್ಮ ಕೇಳಿದಳು, “ಅಲ್ಲ, ನೀ ಯಾವಾಗಿಂದ ಎಡಗೈಲಿ ಕಾಫಿ ಕುಡಿಯೋಕೆ ಶುರು ಮಾಡಿದ್ದು?”

“ವಿಡಿಯೋದಲ್ಲಿ ಕನ್ನಡಿ ತರಹ ಉಲ್ಟಾ ಕಾಣುತ್ತಮ್ಮ.”

ಓದಿದ ಇಂಜಿನಿಯರಿಂಗ್ ಅಮ್ಮನಿಗೆ ಸುಳ್ಳು ಹೇಳೋಕೆ ಉಪಯೋಗಕ್ಕೆ ಬಂತು. ಅವಳು ಹೂಂ ಅಂದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಆ ದಿನಗಳಲ್ಲಿ ಒಂದು ವಿಷಯ ನನಗೆ ಹೊಳೆಯಲೇ ಇಲ್ಲ. ಯಾವಾಗ ಕಾಲ್ ಮಾಡಿದರೂ ಅಪ್ಪಯ್ಯ ಇರುತ್ತಿರಲಿಲ್ಲ. “ತೋಟಕ್ಕೆ ಹೋಗಿದಾರೆ”, “ಈಗಷ್ಟೇ ಮಲಗಿದ್ರು”, “ಕೊಪ್ಪಕ್ಕೆ ಹೋಗಿದಾರೆ”. ಮೆಣಸು ಕೊಯ್ಲಿನ ಕಾಲ, ಕೆಲಸ ಇರುತ್ತೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಅದು ಅನುಕೂಲವೇ ಆಗಿತ್ತು. ನೋಡುವ ಕಣ್ಣು ಎರಡು ಕಡಿಮೆ.

ನಾಲ್ಕನೇ ವಾರ ತಮ್ಮ ಮನೆಯ ಗ್ರೂಪಿಗೆ ಹೊಸ ಕರುವಿನ ಫೋಟೋ ಹಾಕಿದ. ಅಂಗಳದಲ್ಲಿ ಕರು, ಹಿಂದೆ ಜಗಲಿ. ಕರು ಮುದ್ದಾಗಿದೆ ಅಂತ ಫೋಟೋ ದೊಡ್ಡದು ಮಾಡಿ ನೋಡಿದೆ. ಜಗಲಿಯ ಮೇಲೆ, ಸ್ಟೂಲಿನ ಮೇಲೆ ಚಾಚಿದ ಒಂದು ಕಾಲು ಕಂಡಿತು. ಪಾದದಿಂದ ಮೊಣಕಾಲಿನವರೆಗೆ ಬಿಳೀ ಪ್ಲಾಸ್ಟರ್.

ಮಧ್ಯರಾತ್ರಿ ಕಾಲ್ ಮಾಡಿದೆ. ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಬಿದ್ದು ಮೂರು ವಾರ ಆಗಿತ್ತಂತೆ. ನಾನು ಕೂಗಾಡಿದೆ. “ಮೂರು ವಾರ ಅಮ್ಮ! ನಾನೇನು ಹೊರಗಿನವಳಾ? ಯಾಕೆ ಹೇಳಲಿಲ್ಲ?”

“ಅಷ್ಟು ದೂರ ಕೂತು ನೀ ಏನು ಮಾಡ್ತಿದ್ದೆ ಮಾರಾಯ್ತಿ? ಊಟ ಬಿಡ್ತಿದ್ದೆ, ಅಷ್ಟೆ.”

ಶಾಲಿನೊಳಗೆ ನನ್ನ ಬಲಗೈ ಬೆವರುತ್ತಿತ್ತು. ಅಮ್ಮ ಹೇಳಿದ ಒಂದೊಂದು ಮಾತೂ ನಾನು ನನಗೇ ಹೇಳಿಕೊಂಡದ್ದೇ. ಒಂದು ಕ್ಷಣ ಸುಮ್ಮನಿದ್ದು ಶಾಲು ತೆಗೆದೆ.

ಅಮ್ಮ ಮಾತಾಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಫೋನ್ ಜಗಲಿಯ ಕಡೆ ಹೋಯಿತು. ಅಪ್ಪಯ್ಯನ ಮುಖ ಬಂತು. ಗಡ್ಡ ಬಿಟ್ಟು ಸ್ವಲ್ಪ ಇಳಿದಿದ್ದರು. ಬಹಳ ಹೊತ್ತು ನನ್ನ ಕೈ ನೋಡಿದರು.

“ಬಿದ್ದದ್ದು ಏರಲ್ಲೋ, ಇಳಿಜಾರಲ್ಲೋ?”

“ಇಳಿಜಾರು. ಎಲೆ ಕೆಳಗೆ ಮಂಜುಗಡ್ಡೆ ಇತ್ತು. ನಿಮ್ಮದು?”

“ಏಣಿ ಹಿಡಿಯೋರು ಕಾಫಿ ಕುಡಿಯೋಕೆ ಹೋಗಿದ್ರು. ಇನ್ನೊಂದೇ ಬಳ್ಳಿ ಅಂತ ನಾನೇ ಹತ್ತಿದೆ.”

ಇನ್ನೊಂದೇ ಬಳ್ಳಿ. ಇನ್ನೊಂದೇ ಸಲ. ನನಗೆ ನಗು ಬಂತು, ನಕ್ಕರೆ ಭುಜ ನೋವು. ಅಪ್ಪಯ್ಯನೂ ನಕ್ಕರು. ಒಳಗಿಂದ ಅಮ್ಮ, “ಅಪ್ಪ ಮಗಳಿಗೆ ನಗು ಬೇರೆ ಕೇಡು” ಅಂತ ಬೈಯುವುದು ಕೇಳಿಸಿತು. ಆಮೇಲೆ ಅವಳು ಬಂದು ಎರಡು ದಿನ ನನ್ನ ಜೊತೆ ಮಾತು ಬಿಡುವುದಾಗಿ ಹೇಳಿದಳು. ಹೇಳಿದ ಹಾಗೆ ಬಿಟ್ಟಳು ಕೂಡ.

ಮೂಳೆ ಕೂಡಿಕೊಂಡಿತು. ಕಾಡಿನಲ್ಲಿ ನಾನು ಬದುಕಿ ಬಂದದ್ದು ನನ್ನ ಜಾಣತನದಿಂದಲ್ಲ, ಯಾರಿಗೋ ಹೇಳಿ ಹೋಗಿದ್ದೆ ಎಂಬುದರಿಂದ ಅಂತ ಆ ವಾರಗಳಲ್ಲಿ ಬಹಳ ಸಲ ಅನ್ನಿಸಿತು. ನಾಲ್ಕು ವರ್ಷದ ಪರಿಚಯವೂ ಇಲ್ಲದ ಸಹೋದ್ಯೋಗಿಗೆ ಹೇಳುವಷ್ಟನ್ನು ಹೆತ್ತವರಿಗೆ ಹೇಳುತ್ತಿರಲಿಲ್ಲ. ಗಾಬರಿಯಾಗುತ್ತಾರೆ ಅಂತ ಬಚ್ಚಿಡುವುದು ಪ್ರೀತಿ ಅಂದುಕೊಂಡಿದ್ದೆ. ಅವರೂ ಅದೇ ಪ್ರೀತಿ ತೋರಿಸಿದಾಗ ಮೂರು ವಾರ ಅಪ್ಪಯ್ಯನ ನೋವಿನಿಂದ ನನ್ನನ್ನು ಹೊರಗೆ ನಿಲ್ಲಿಸಿದ ಹಾಗೆ ಆಯಿತು. ಗಾಬರಿಯಾಗುವ ಹಕ್ಕನ್ನೂ ಮನೆಯವರಿಗೆ ಬಿಟ್ಟುಕೊಡಬೇಕು.

ಸೈಕಲ್ ಬಿಡು ಅಂತ ಅಮ್ಮ ವರ್ಷಗಟ್ಟಲೆ ಹೇಳಿದಳು, ಈಗಲೂ ಹೇಳುತ್ತಾಳೆ. ಬಿಟ್ಟಿಲ್ಲ. ಮಣ್ಣು ಕರಗಿದ ದಿನ ಮಾತ್ರ ಮರ್ಯಾದೆ ನೋಡದೆ ಇಳಿದು ತಳ್ಳಿಕೊಂಡು ಬರುತ್ತೇನೆ. ಹೊರಡುವ ಮೊದಲು ಈಗ ಎರಡು ಮೆಸೇಜ್ ಹೋಗುತ್ತವೆ, ಒಂದು ಸಹೋದ್ಯೋಗಿಗೆ, ಇನ್ನೊಂದು ಮನೆಯ ಗ್ರೂಪಿಗೆ.

ಕಳೆದ ಶನಿವಾರ ಬರೆದೆ: “ಫ್ರಿಕ್ ಪಾರ್ಕ್. ಮೈನಸ್ ಏಳು. ಒಂಬತ್ತಕ್ಕೆ ವಾಪಸ್.”

ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಅಪ್ಪಯ್ಯನ ಉತ್ತರ ಬಂತು: “ಇವತ್ತು ಮೆಣಸು ಕೊಯ್ದಾಯ್ತು. ಏಣಿ ಹಿಡಿಯೋಕೆ ಇಬ್ಬರಿದ್ರು. ಎಲೆ ಕೆಳಗೆ ನೋಡ್ಕೊಂಡು ಹೋಗು.”

ಅದರ ಕೆಳಗೆ ಅಮ್ಮನದು: “ಬಂದ ಮೇಲೆ ಕಾಲ್ ಮಾಡು. ವಿಡಿಯೋ. ಎರಡೂ ಕೈ ತೋರಿಸು.”