ಬಡಗಣ ತೋರುವ ಮುಳ್ಳು

ದಿಕ್ಸೂಚಿಯ ಸೊಗಸು ಕಾಣಬೇಕಾದರೆ ಹರಿಗೋಲಲ್ಲಿ ಕೂತು ನೋಡಬೇಕು. ತಳವಾರಘಟ್ಟದಿಂದ ಆನೆಗೊಂದಿಯತ್ತ ಹೊರಟ ಹರಿಗೋಲು ಹುಟ್ಟಿನ ಒಂದೊಂದು ಎಳೆತಕ್ಕೂ ಗಿರ್ರನೆ ತಿರುಗುತ್ತದೆ. ಬಂಡೆ, ಬೆಟ್ಟ, ದಡದ ಮಂಟಪ ಎಲ್ಲವೂ ಸುತ್ತು ಹೊಡೆಯುತ್ತವೆ. ಅಂಗೈ ಮೇಲಿನ ಕಂಪಾಸಿನ ಡಬ್ಬಿಯೂ ನನ್ನೊಡನೆ ತಿರುಗುತ್ತದೆ. ಒಳಗಿನ ಮುಳ್ಳು ಮಾತ್ರ ಚೂರೇ ಚೂರು ಓಲಾಡಿ ಮತ್ತೆ ಬಡಗಣಕ್ಕೇ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಅವನ ನಾಡಿನ ಹಡಗುಗಳು ಅಷ್ಟು ದೂರದ ಕಡಲು ದಾಟಿದ್ದು ಇಂಥದೇ ಮುಳ್ಳನ್ನು ನಂಬಿ.

ಭೂಮಿಯ ಒಡಲಲ್ಲಿ ಕರಗಿ ಹರಿಯುವ ಕಬ್ಬಿಣವೇ ನಮ್ಮ ಸುತ್ತಲಿನ ಕಾಂತಕ್ಷೇತ್ರಕ್ಕೆ ಮೂಲ. ಈ ಕ್ಷೇತ್ರ ಬಹಳ ದುರ್ಬಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬಲ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದಕ್ಕೇ ಮುಳ್ಳನ್ನು ಚೂಪು ಮೊನೆಯ ಮೇಲೆ ಹಗುರಾಗಿ ಕೂರಿಸಿ, ಓಲಾಟ ತಗ್ಗಲೆಂದು ಡಬ್ಬಿಗೆ ದ್ರವ ತುಂಬುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಯುರೋಪಿನಲ್ಲಿ ಮುಳ್ಳಿನ ಉತ್ತರ ತುದಿ ನೆಲದತ್ತ ಜೋರಾಗಿ ಬಾಗುತ್ತದೆ. ಅಲ್ಲಿಗೆಂದು ಮಾಡಿದ ಕಂಪಾಸಿನಲ್ಲಿ ದಕ್ಷಿಣ ತುದಿಯ ಕಡೆ ಭಾರ ಹೆಚ್ಚಿಸಿರುತ್ತಾರೆ. ಅದನ್ನು ಇಲ್ಲಿಗೆ ತಂದರೆ ದಕ್ಷಿಣ ತುದಿ ತಗ್ಗಿ, ತಳಕ್ಕೆ ತಾಗಿ ತಡವರಿಸುತ್ತದೆ. ನಮ್ಮ ವಲಯಕ್ಕೆ ಹೊಂದಿಸಿದ್ದನ್ನೇ ಕೇಳಿ ಕೊಳ್ಳಬೇಕು.

ಮುಳ್ಳಿನ ಉತ್ತರವೂ ನಿಜ ಉತ್ತರವೂ ಒಂದೇ ಅಲ್ಲ. ನಮ್ಮ ಹೊಸಪೇಟೆ ಸೀಮೆಯಲ್ಲಿ ಮುಳ್ಳು ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ಒಂದು ಕಿಲೋಮೀಟರ್ ನಡೆದರೆ ಹದಿನೇಳು ಮೀಟರಿನಷ್ಟು ತಪ್ಪು, ಅಷ್ಟೆ. ಹಂಪಿಯಲ್ಲಿ ಇದನ್ನು ಪರೀಕ್ಷಿಸಲು ಹಜಾರರಾಮ ದೇವಾಲಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದರ ನೇರ ಉತ್ತರಕ್ಕೆ ಮಾತಂಗ ಪರ್ವತದ ನೆತ್ತಿ, ನೆತ್ತಿಯ ಮೇಲೆ ವೀರಭದ್ರನ ಗುಡಿ. 1980ರಿಂದ ಇಲ್ಲಿ ಅಧ್ಯಯನ ನಡೆಸಿದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಈ ರೇಖೆಯನ್ನು ರಾಜಧಾನಿಯ ವಿನ್ಯಾಸದ ಬೆನ್ನೆಲುಬೆಂದೇ ಕಂಡರು. ನನಗಂತೂ ಆ ಗುಡಿಗೆ ಗುರಿ ಹಿಡಿದು ಅಂಕಿ ಓದುವುದು ಪೂಜೆಯಷ್ಟೇ ಪ್ರೀತಿಯ ಕೆಲಸ.

ಕಮಲಾಪುರ ದಾಟಿ ಕಂಪ್ಲಿ ರಸ್ತೆಯ ಗದ್ದೆ ಬದುವಿಗೆ ಬಂದರೆ ಬೇರೆಯದೇ ಆಟ. ಮಾತಂಗಕ್ಕೊಂದು, ಅಂಜನಾದ್ರಿಗೊಂದು ಗುರಿ ಹಿಡಿದು, ಎರಡೂ ಕೋನಗಳಿಗೆ 180 ಕೂಡಿಸಿ (360 ಮೀರಿದರೆ ಕಳೆದು) ಆ ಬೆಟ್ಟಗಳಿಂದ ನಕ್ಷೆಯ ಮೇಲೆ ಗೆರೆ ಎಳೆಯುವುದು. ಗೆರೆಗಳು ಕೂಡುವಲ್ಲಿ ನಾವು ನಿಂತಿದ್ದೇವೆ.

ಸಂಡೂರಿನ ಬೆಟ್ಟಗಳಲ್ಲಿ ಮಾತ್ರ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥ 1895ರಲ್ಲಿ ಬಂತು. ಅಂದಿನಿಂದಲೂ ಈ ಕೆಂಪು ಬೆಟ್ಟಗಳ ಕಬ್ಬಿಣದ ಅದಿರು ಲೋಕಕ್ಕೆ ಗೊತ್ತು. ಅದಿರಿನಲ್ಲಿ ಹೆಚ್ಚಿನದು ಹೆಮಟೈಟ್. ಅದು ಮುಳ್ಳನ್ನು ಅಷ್ಟಾಗಿ ಸೆಳೆಯದು. ಪಟ್ಟೆಪಟ್ಟೆ ಕಲ್ಲುಗಳಲ್ಲಿ ಮ್ಯಾಗ್ನಟೈಟ್ ಕೂಡಿರುವ ಕಡೆ ಮುಳ್ಳು ಬೆಟ್ಟದ ಮಾತು ಕೇಳತೊಡಗುತ್ತದೆ. ಪತ್ತೆಹಚ್ಚುವ ಉಪಾಯ ಸುಲಭ: ಇಲ್ಲಿಂದ ಅಲ್ಲಿಗೆ ಒಂದು ಕೋನ, ಅಲ್ಲಿಂದ ಇಲ್ಲಿಗೆ ಇನ್ನೊಂದು. ವ್ಯತ್ಯಾಸ ಸರಿಯಾಗಿ 180 ಬಾರದಿದ್ದರೆ, ಅಳತೆ ತಪ್ಪಿಲ್ಲವಾದರೆ, ಎರಡರಲ್ಲಿ ಒಂದು ಕಡೆಯಾದರೂ ಕಬ್ಬಿಣ ಎಳೆಯುತ್ತಿದೆ. ಸರ್ವೆಯವರಿಗೆ ಇದು ತಲೆನೋವು. ನನಗೆ ಕಂಪಾಸಿನ ಮೇಲೆ ಅಕ್ಕರೆ ಹೆಚ್ಚಿದ್ದೇ ಇಲ್ಲಿ. ಕಣ್ಣಿಗೆ ಕಾಣದ ಕಲ್ಲಿನ ಗುಣ ಅಂಗೈಯಲ್ಲಿ ಡಿಗ್ರಿಯಾಗಿ ಕಾಣುತ್ತದಲ್ಲ!

ಮೊಬೈಲಿನ ಕಂಪಾಸೂ ಅಳೆಯುವುದು ಇದೇ ಕಾಂತಕ್ಷೇತ್ರವನ್ನು. ಅದಿರಿನ ಎದುರು ಅದೂ ವಾಲುತ್ತದೆ. ಸಂಡೂರಿಗೆ ಹೋದಾಗ ಮುಳ್ಳಿನ ಕಂಪಾಸೊಂದು ಜೇಬಿನಲ್ಲಿರಲಿ. ಬೈಕಿನಿಂದ ದೂರ ನಿಂತು, ಮೊಬೈಲು, ಬೀಗದ ಕೈ ಬದಿಗಿಟ್ಟು, ದಾರಿಯ ಎರಡೂ ತುದಿಯಲ್ಲಿ ಅಂಕಿ ಓದಿ ನೋಡಿ.