ತೇರಿನ ಮೇಲಿನ ನಾದ

ಜಪಾನ್ ದೇಶದ ಹಳೆಯ ರಾಜಧಾನಿಯಾದ ಕ್ಯೋಟೋ ನಗರದಲ್ಲಿ ಪ್ರತಿವರ್ಷ ಜುಲೈ ತಿಂಗಳಿಡೀ 'ಗಿಯೋನ್ ಮಾತ್ಸುರಿ' ಎಂಬ ಉತ್ಸವ ನಡೆಯುತ್ತದೆ. ಕ್ರಿ.ಶ. 869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ಅಂದಿನ 66 ಪ್ರಾಂತಗಳ ಲೆಕ್ಕಕ್ಕೆ 66 ಈಟಿಗಳನ್ನು ನೆಟ್ಟು ಪ್ರಾರ್ಥಿಸಿದ್ದೇ ಇದರ ಮೂಲವೆಂದು ಹೇಳುತ್ತಾರೆ. 'ಗಿಯೋನ್' ಎಂಬ ಹೆಸರಿನ ಬೇರು ಭಾರತದಲ್ಲಿದೆ. ಬುದ್ಧನು ತಂಗಿದ್ದ ಶ್ರಾವಸ್ತಿಯ ಜೇತವನವನ್ನು ಜಪಾನೀಯರು ಆ ಹೆಸರಿನಿಂದ ಕರೆಯುತ್ತಾರೆ.

ಸಂಗೀತೋಪಾಸಕರಾದ ನಾವು 2023ರ ಜುಲೈನಲ್ಲಿ ಈ ಉತ್ಸವವನ್ನು ಕಂಡೆವು. ಕಂಡದ್ದಕ್ಕಿಂತ ಹೆಚ್ಚಾಗಿ ಕೇಳಿದೆವು. 16ರ ಸಂಜೆ ಬೀದಿಗಳಲ್ಲಿ ನಿಂತ ತೇರುಗಳಿಗೆ ಕಾಗದದ ದೀಪಗಳನ್ನು ಸಾಲಾಗಿ ತೂಗುಹಾಕಿದ್ದರು. ದೊಡ್ಡ ತೇರುಗಳ ಮೇಲಂತಸ್ತಿನಲ್ಲಿ ವಾದಕರು ಕುಳಿತು ಕೊಳಲು, ಡೋಲು ಹಾಗೂ 'ಕಾನೆ' ಎಂಬ ಕಂಚಿನ ಜಾಗಟೆಯನ್ನು ನುಡಿಸುತ್ತಿದ್ದರು. ಆ ಜಾಗಟೆಯ ನಾದವನ್ನು ಅಲ್ಲಿನ ಜನ 'ಕೊನ್‌ಚಿಕಿಚಿನ್' ಎಂದು ಬಾಯಲ್ಲಿ ಹೇಳುತ್ತಾರೆ. ತಬಲದ ಬೋಲುಗಳನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಈ ಕ್ರಮ ಪರಕೀಯವೆನಿಸಲಿಲ್ಲ.

ಮರುದಿನ ಬೆಳಗ್ಗೆ ಮೆರವಣಿಗೆ ಹೊರಟಿತು. ಮೊಳೆಗಳಿಲ್ಲದೆ, ಹುಲ್ಲಿನ ಹಗ್ಗದಿಂದಲೇ ಬಿಗಿದು ಕಟ್ಟಿದ ತೇರುಗಳವು. ಮೊದಲಿಗೆ ವಾದ್ಯಗಳು ವಿಳಂಬ ಲಯದಲ್ಲಿ ಸಾಗಿದವು. ಅದು ದೇವತೆಗೆ ಅರ್ಪಿಸುವ ನಾದ. ತಿರುವಿನಲ್ಲಿ ಗಾಲಿಗಳ ಕೆಳಗೆ ಸೀಳಿದ ಬಿದಿರನ್ನು ಹಾಸಿ, ನೀರೆರೆದು, ಹಗ್ಗ ಹಿಡಿದವರೆಲ್ಲ ಒಮ್ಮೆಲೇ ಪಕ್ಕಕ್ಕೆ ಎಳೆದರು. ಟನ್ನುಗಟ್ಟಲೆ ಭಾರದ ತೇರು ಕಿರುಗುಟ್ಟುತ್ತ ಹೊರಳಿತು. ಅಲ್ಲಿಂದ ಮುಂದೆ ಲಯ ಚುರುಕಾಯಿತು. ಅದು ಮರಳುವ ದಾರಿಯ ಉಲ್ಲಾಸ. ಬೀದಿಯ ತಿರುವೇ ಕೃತಿಯ ತಿರುವಾಗುವುದನ್ನು ನಾವು ಯಾವ ಸಭಾಂಗಣದಲ್ಲಿಯೂ ಕೇಳಿರಲಿಲ್ಲ.

ರೋಗನಿವಾರಣೆಗಾಗಿ ಹುಟ್ಟಿದ ಈ ಉತ್ಸವದ ಮೆರವಣಿಗೆಯನ್ನೇ ಕೊರೋನಾ ರೋಗವು 2020 ಮತ್ತು 2021ರಲ್ಲಿ ತಡೆಯಿತು. ಆದರೂ ಕಟ್ಟುವ ಕೈಗಳು ಕಸುಬನ್ನು ಮರೆಯಬಾರದೆಂದು 2021ರಲ್ಲಿ ಹಲವು ತೇರುಗಳನ್ನು ಕಟ್ಟಿ ನಿಲ್ಲಿಸಿದರು. ಮೆರವಣಿಗೆ ಮತ್ತೆ ಹೊರಟದ್ದು 2022ರಲ್ಲಿ.

ಈ ನಾದವನ್ನು ಕಾಯುವವರು ಆಯಾ ಕೇರಿಯ ವಾದ್ಯಮೇಳದವರು. ಬಾಲಕರು ಮೊದಲು ಜಾಗಟೆಯನ್ನು ಕಲಿಯುತ್ತಾರೆ. ವರ್ಷಗಳು ಕಳೆದ ಮೇಲೆ ಕೊಳಲು ಅಥವಾ ಡೋಲು ಅವರ ಕೈಗೆ ಬರುತ್ತದೆ. ನಾವು ಕಂಡ ತೇರೊಂದರಲ್ಲಿ ನರೆತಲೆಯ ಹಿರಿಯರ ಪಕ್ಕದಲ್ಲಿಯೇ ಶಾಲಾಬಾಲಕರು ಕುಳಿತಿದ್ದರು. ಒಂದೆರಡು ವರ್ಷ ಮೆರವಣಿಗೆ ನಿಂತರೆ ಮತ್ತೆ ಹೊರಟೀತು. ಆದರೆ ಹಿರಿಯರ ಪಕ್ಕದ ಆ ಎಳೆಯರ ಸ್ಥಾನ ಬರಿದಾದರೆ ನಾದವು ಒಂದೇ ತಲೆಮಾರಿನಲ್ಲಿ ಅಡಗುತ್ತದೆ. ಕಲೆಯನ್ನು ಪ್ರೀತಿಸುವ ಪ್ರತಿಯೊಂದು ಮನೆಯೂ ನೆನೆಯಬೇಕಾದ ಮಾತಿದು.